ಎಬಿಜಿ ರಿಪೋರ್ಟ್ ಓದುವುದು ಹೇಗೆ: ಕಾಯಿಲೆ ಯಾವುದು, ದೇಹದ ಉತ್ತರ ಯಾವುದು?

ಐಸಿಯುನಲ್ಲಿ ನಾಡಿ ಹಿಡಿಯುವ ಜಾಗಕ್ಕೇ ಸೂಜಿ ಚುಚ್ಚಿ ರಕ್ತ ತೆಗೆಯುವುದನ್ನು ನೀವು ನೋಡಿರಬಹುದು. ಆ ರಕ್ತವನ್ನು ಮೆಷಿನ್‌ಗೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಒಂದು ಉದ್ದನೆಯ ಚೀಟಿ ಹೊರಗೆ ಬರುತ್ತದೆ. ಅದೇ ಎಬಿಜಿ, ಅಂದರೆ ಆರ್ಟೀರಿಯಲ್ ಬ್ಲಡ್ ಗ್ಯಾಸ್ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ). ರಕ್ತದಲ್ಲಿ ಆಮ್ಲ ಜಾಸ್ತಿಯಾಗಿದೆಯೋ, ಕ್ಷಾರ ಜಾಸ್ತಿಯಾಗಿದೆಯೋ, ತೊಂದರೆ ಶುರುವಾಗಿದ್ದು ಎಲ್ಲಿಂದ ಎಂಬುದನ್ನು ಅದರಿಂದ ತಿಳಿಯಬಹುದು.

ನರ್ಸಿಂಗ್ ವಿದ್ಯಾರ್ಥಿಗಳಿಗೆ, ಹೊಸದಾಗಿ ಡ್ಯೂಟಿಗೆ ಬಂದ ಹೌಸ್ ಸರ್ಜನ್‌ಗಳಿಗೆ ಈ ಚೀಟಿ ಕಂಡರೆ ಗಾಬರಿ. ಮೇಲೆ ಕೆಳಗೆ ಆಗಿರುವ ಅಂಕಿಯೆಲ್ಲ ಕಾಯಿಲೆಯಂತೆಯೇ ಕಾಣುತ್ತದೆ. ಹಾಗಲ್ಲ. ಅದರಲ್ಲಿ ಒಂದು ಕಾಯಿಲೆ ಇರಬಹುದು, ಇನ್ನೊಂದು ಆ ಕಾಯಿಲೆಗೆ ದೇಹ ಕೊಟ್ಟ ಉತ್ತರ ಇರಬಹುದು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಕಲಿತರೆ ಎಬಿಜಿಯ ಮುಕ್ಕಾಲು ಪಾಲು ಬಂದಂತೆಯೇ.

ಶುರು ಮಾಡುವ ಮೊದಲು

ಆರೋಗ್ಯವಂತರ ಮೂರು ಅಂಕಿ ನೆನಪಿರಲಿ. ಪಿಎಚ್ (ಆಮ್ಲ-ಕ್ಷಾರದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) 7.35ರಿಂದ 7.45. ಕಾರ್ಬನ್ ಡೈಆಕ್ಸೈಡ್ 35ರಿಂದ 45 ಮಿಲಿಮೀಟರ್ ಪಾದರಸ. ಬೈಕಾರ್ಬನೇಟ್ ಲೀಟರಿಗೆ 22ರಿಂದ 26 ಮಿಲಿಮೋಲ್.

ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಕರಗಿದರೆ ಆಮ್ಲವಾಗುತ್ತದೆ. ಅದನ್ನು ಹೊರಗೆ ಹಾಕುವುದು ಶ್ವಾಸಕೋಶ. ಬೈಕಾರ್ಬನೇಟ್ ಎಂದರೆ ಕ್ಷಾರ. ಅದನ್ನು ಉಳಿಸಿಕೊಳ್ಳುವುದು, ಉಳಿದ ಆಮ್ಲವನ್ನು ಮೂತ್ರದಲ್ಲಿ ಕಳಿಸುವುದು ಕಿಡ್ನಿ. ಪಿಎಚ್ ನಿಲ್ಲುವುದು ಈ ಎರಡರ ಅನುಪಾತದ ಮೇಲೆ. ಒಂದು ಏರಿದಾಗ ಇನ್ನೊಂದೂ ಏರಿದರೆ, ಒಂದು ಇಳಿದಾಗ ಇನ್ನೊಂದೂ ಇಳಿದರೆ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ. ವೈದ್ಯರು ಕಾಂಪೆನ್ಸೇಷನ್ ಅನ್ನುವುದು ಇದಕ್ಕೇ. ಶ್ವಾಸಕೋಶ ನಿಮಿಷಗಳಲ್ಲೇ ಕೆಲಸ ಶುರು ಮಾಡುತ್ತದೆ. ಕಿಡ್ನಿ ನಿಧಾನ, ಪೂರ್ತಿ ಉತ್ತರ ಕೊಡಲು ಮೂರರಿಂದ ಐದು ದಿನ ಬೇಕು.

ಇಷ್ಟು ಗಟ್ಟಿಯಾದ ವ್ಯವಸ್ಥೆ ಒಳಗೇ ಇರುವಾಗ, ಆಲ್ಕಲೈನ್ ನೀರು ಕುಡಿದು ರಕ್ತದ ಆಮ್ಲ ಕಡಿಮೆ ಮಾಡಿಕೊಳ್ಳಿ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಆ ನೀರು ಮೊದಲು ಹೋಗಿ ಸೇರುವುದೇ ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ.

ಹೆಜ್ಜೆ 1: ಪಿಎಚ್ ನೋಡಿ

7.35ಕ್ಕಿಂತ ಕಡಿಮೆ ಇದ್ದರೆ ಅಸಿಡೋಸಿಸ್ (ಆಮ್ಲ ಜಾಸ್ತಿ) ಕಡೆ, 7.45 ದಾಟಿದರೆ ಆಲ್ಕಲೋಸಿಸ್ (ಕ್ಷಾರ ಜಾಸ್ತಿ) ಕಡೆ. ಅಂಕಿ ಚಿಕ್ಕದಾಗಿ ಕಾಣುತ್ತದೆ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. 7.4 ಇದ್ದ ಪಿಎಚ್ 7.1ಕ್ಕೆ ಇಳಿದರೆ ರಕ್ತದಲ್ಲಿ ಹೈಡ್ರೋಜನ್ ಅಯಾನ್ ಎರಡು ಪಟ್ಟಾಗಿದೆ ಎಂದರ್ಥ.

ಹೆಜ್ಜೆ 2: ಪಿಎಚ್ ಅನ್ನು ಎಳೆದದ್ದು ಯಾರು?

ಪಿಎಚ್ ಇಳಿದಿದೆ, ಕಾರ್ಬನ್ ಡೈಆಕ್ಸೈಡ್ ಏರಿದೆ. ಹಾಗಾದರೆ ತೊಂದರೆ ಉಸಿರಾಟದ್ದು. ಪಿಎಚ್ ಇಳಿದಿದೆ, ಬೈಕಾರ್ಬನೇಟೂ ಇಳಿದಿದೆ. ಹಾಗಾದರೆ ಮೆಟಬಾಲಿಕ್ ಅಸಿಡೋಸಿಸ್, ಅಂದರೆ ತೊಂದರೆ ಶುರುವಾದದ್ದು ಉಸಿರಾಟದಿಂದಲ್ಲ. ಆಲ್ಕಲೋಸಿಸ್‌ಗೆ ಇದೇ ಲೆಕ್ಕ ತಿರುಗಿಸಿ. ಕಾರ್ಬನ್ ಡೈಆಕ್ಸೈಡ್ ಇಳಿದಿದ್ದರೆ ಉಸಿರಾಟದ್ದು, ಬೈಕಾರ್ಬನೇಟ್ ಏರಿದ್ದರೆ ಮೆಟಬಾಲಿಕ್. ಪಿಎಚ್ ಹೋದ ದಿಕ್ಕಿಗೆ ಹೊಂದುವ ಅಂಕಿ ಕಾಯಿಲೆ. ಅದರ ಜೊತೆಗೆ ಸರಿದ ಇನ್ನೊಂದು ಅಂಕಿ ಸಾಮಾನ್ಯವಾಗಿ ದೇಹದ ಉತ್ತರ.

ಪಿಎಚ್ ಬಿಟ್ಟು ಬರೀ ಬೈಕಾರ್ಬನೇಟ್ ನೋಡಿದರೆ ಏನಾಗುತ್ತದೆ? 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಆದದ್ದನ್ನು ಕೇಳಿ. ಊರಿನಲ್ಲಿ ಪೋಲಿಯೊ ಹಾವಳಿ. ಉಸಿರಾಟದ ಸ್ನಾಯುಗಳೇ ಕೆಲಸ ನಿಲ್ಲಿಸಿದ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ಬರುತ್ತಲೇ ಇದ್ದರು. ಅಂಥ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಬೈಕಾರ್ಬನೇಟ್ ಜಾಸ್ತಿ ಇತ್ತು. ಯಾವುದೋ ಕಾರಣ ತಿಳಿಯದ ಆಲ್ಕಲೋಸಿಸ್ ಇದು ಅಂತ ವೈದ್ಯರು ಅಂದುಕೊಂಡಿದ್ದರು.

ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ಒಪ್ಪಲಿಲ್ಲ. ಇವರಿಗೆ ಉಸಿರು ಸಾಲುತ್ತಿಲ್ಲ, ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿಕೊಳ್ಳುತ್ತಿದೆ, ಬೈಕಾರ್ಬನೇಟ್ ಏರಿದ್ದು ಅದರಿಂದಲೇ ಎಂಬುದು ಅವರ ವಾದ. ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಳಿಸಿದರು. ರಬ್ಬರ್ ಚೀಲವನ್ನು ಕೈಯಲ್ಲಿ ಹಿಸುಕಿ ಹಿಸುಕಿ ಉಸಿರು ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಹುಡುಗಿ ಬದುಕಿದಳು. ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ತಿಂಗಳುಗಟ್ಟಲೆ ಚೀಲ ಹಿಸುಕಿದರು. ಸಾವು ಬಹಳ ಕಡಿಮೆಯಾಯಿತು. ಇಂದಿನ ಐಸಿಯುಗಳ ಬೇರು ಆ ವಾರ್ಡಿನಲ್ಲಿದೆ. ಅದೇ ಆಸ್ಪತ್ರೆಯ ಲ್ಯಾಬ್ ಮುಖ್ಯಸ್ಥ ಪೌಲ್ ಆಸ್ಟ್ರುಪ್ ಮುಂದೆ ರೋಗಿಯ ಪಿಎಚ್ ಮತ್ತು ಕಾರ್ಬನ್ ಡೈಆಕ್ಸೈಡನ್ನು ಬೇಗ ಅಳೆಯುವ ವಿಧಾನ ರೂಪಿಸಿದರು.

ಹೆಜ್ಜೆ 3: ದೇಹದ ಉತ್ತರ ಸಾಕಷ್ಟಿದೆಯಾ?

ಬಹಳ ಜನ ಹೆಜ್ಜೆ 2ಕ್ಕೇ ನಿಂತುಬಿಡುತ್ತಾರೆ. ಆದರೆ ಜೀವ ಉಳಿಸುವ ಸುಳಿವು ಸಿಗುವುದು ಇಲ್ಲಿ.

ಇನ್ಸುಲಿನ್ ನಿಲ್ಲಿಸಿದ ಒಬ್ಬ ಶುಗರ್ ರೋಗಿ ಎಂದುಕೊಳ್ಳಿ. ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿವೆ. ಬೈಕಾರ್ಬನೇಟ್ ಅವುಗಳನ್ನು ತಣಿಸಲು ಖರ್ಚಾಗಿ 8ಕ್ಕೆ ಬಂದಿದೆ. ಆಗ ಮೆದುಳು ಉಸಿರಾಟವನ್ನು ಜೋರು ಮಾಡುತ್ತದೆ. ಬರೀ ವೇಗ ಅಲ್ಲ, ಆಳವಾದ, ಎಡೆಬಿಡದ ಉಸಿರು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲೇ ಇದನ್ನು ವರ್ಣಿಸಿದ್ದರು. ಈಗಲೂ ಅದು ಅವರ ಹೆಸರಿನಲ್ಲೇ ಇದೆ.

ಎಷ್ಟು ಉಸಿರಾಡಿದರೆ ಸಾಕು? ಅದಕ್ಕೊಂದು ಸುಲಭ ಲೆಕ್ಕವಿದೆ, ವಿಂಟರ್ಸ್ ಸೂತ್ರ ಅಂತ ಕರೆಯುತ್ತಾರೆ. ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿ. ಎರಡು ಆಚೆ ಈಚೆ ಆದರೂ ಪರವಾಗಿಲ್ಲ. ನಮ್ಮ ರೋಗಿಗೆ 8ರ ಒಂದೂವರೆ ಪಟ್ಟು 12, ಅದಕ್ಕೆ 8 ಸೇರಿ 20. ಕಾರ್ಬನ್ ಡೈಆಕ್ಸೈಡ್ 18ರಿಂದ 22ರ ಒಳಗಿರಬೇಕು. 20 ಇದ್ದರೆ ಪಿಎಚ್ ಸುಮಾರು 7.22. ಕಾಯಿಲೆ ಜೋರಾಗಿದೆ, ಆದರೆ ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆ.

ಈಗ ಅದೇ ರೋಗಿಯಲ್ಲಿ ಕಾರ್ಬನ್ ಡೈಆಕ್ಸೈಡ್ 30 ಬಂತು ಅನ್ನಿ. ಚೀಟಿಯಲ್ಲಿ ಅದು ‘ಕಡಿಮೆ’ ಅಂತಲೇ ಇರುತ್ತದೆ, 35ಕ್ಕಿಂತ ಕೆಳಗಿದೆ ಅಲ್ವಾ? ಉಸಿರೂ ಮೊದಲಿಗಿಂತ ಶಾಂತವಾಗಿದೆ. ಮನೆಯವರು ಸ್ವಲ್ಪ ಸುಧಾರಿಸಿದೆ ಅಂತ ಸಮಾಧಾನ ಪಡುತ್ತಾರೆ. ಆದರೆ ಬೈಕಾರ್ಬನೇಟ್ 8ರಲ್ಲೇ ನಿಂತಿದ್ದರೆ ಪಿಎಚ್ ಈಗ ಸುಮಾರು 7.05. ರೋಗಿ ಸುಧಾರಿಸಿಲ್ಲ, ಉಸಿರಾಡಿ ಉಸಿರಾಡಿ ಸುಸ್ತಾಗಿದ್ದಾನೆ. ತಕ್ಷಣ ಹಿರಿಯ ವೈದ್ಯರನ್ನು ಕರೆಯಬೇಕಾದ ಅಂಕಿ ಇದು.

ಮನೆಯಲ್ಲಿ ಶುಗರ್ ಇರುವವರಿಗೆ ಎಬಿಜಿಯ ಲೆಕ್ಕ ಬೇಕಿಲ್ಲ, ಇದಿಷ್ಟು ಗೊತ್ತಿದ್ದರೆ ಸಾಕು. ವಾಂತಿ, ಹೊಟ್ಟೆನೋವು, ಜೊತೆಗೆ ಆಳವಾದ ಜೋರು ಉಸಿರು ಕಂಡರೆ ಅದು ಬರೀ ಗ್ಯಾಸ್ಟ್ರಿಕ್ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ. ಊಟ ಸೇರುತ್ತಿಲ್ಲ ಅಂತ ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ.

ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೊರಗೆ ಹೋಗಿ ಆಗುವ ಆಲ್ಕಲೋಸಿಸ್‌ನಲ್ಲಿ ಉತ್ತರ ಇದಕ್ಕೆ ತದ್ವಿರುದ್ಧ, ಉಸಿರು ನಿಧಾನವಾಗುತ್ತದೆ. ಅದಕ್ಕೆ ಮಿತಿ ಇದೆ. ಉಸಿರು ತೀರಾ ಕಡಿಮೆಯಾದರೆ ಆಮ್ಲಜನಕ ಇಳಿಯುತ್ತದೆ, ಮೆದುಳು ಅದಕ್ಕೆ ಬಿಡುವುದಿಲ್ಲ.

ಹೆಜ್ಜೆ 4: ಉಸಿರಾಟದ ತೊಂದರೆಯಾದರೆ, ಹೊಸದೋ ಹಳೆಯದೋ?

ಕಿಡ್ನಿಗೆ ದಿನಗಳು ಬೇಕು ಎಂದೆವಲ್ಲ, ಆ ನಿಧಾನವೇ ಇಲ್ಲಿ ಕಾಯಿಲೆಯ ವಯಸ್ಸು ಹೇಳುತ್ತದೆ. ಕಾರ್ಬನ್ ಡೈಆಕ್ಸೈಡ್ 40ರಿಂದ ಮೇಲೆ ಪ್ರತಿ 10 ಏರಿದಾಗ ಬೈಕಾರ್ಬನೇಟ್ ಬರೀ 1 ಏರಿದ್ದರೆ ತೊಂದರೆ ಹೊಸದು. ಹೆಚ್ಚುಕಡಿಮೆ 4 ಏರಿದ್ದರೆ ಹಳೆಯದು.

ಇಬ್ಬರು ರೋಗಿಗಳು, ಇಬ್ಬರಿಗೂ ಕಾರ್ಬನ್ ಡೈಆಕ್ಸೈಡ್ 60. ಒಬ್ಬರಿಗೆ ಬೈಕಾರ್ಬನೇಟ್ 26, ಪಿಎಚ್ 7.26. ಇನ್ನೊಬ್ಬರು ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಬಂದವರು, ಬೈಕಾರ್ಬನೇಟ್ 32, ಪಿಎಚ್ 7.35ರ ಆಸುಪಾಸು. ಮೊದಲನೆಯವರಿಗೆ ಈಗಲೇ ಉಸಿರಾಟದ ನೆರವು ಬೇಕಾಗಬಹುದು. ಎರಡನೆಯವರಿಗೆ 60 ಎನ್ನುವುದು ದಿನನಿತ್ಯದ ಅಂಕಿಯೇ ಇರಬಹುದು. ಅವರ ಬೈಕಾರ್ಬನೇಟ್ 32 ಇದೆ ಅಂತ ಅದನ್ನು ಇಳಿಸಲು ಹೋದರೆ ಕಿಡ್ನಿ ಕಟ್ಟಿಕೊಂಡ ಆಸರೆಯನ್ನೇ ಕಿತ್ತ ಹಾಗೆ. ಇಂಥವರಿಗೆ ಆಮ್ಲಜನಕವನ್ನೂ ಅಳೆದು ಕೊಡಬೇಕು. ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಪ್ರಮಾಣ) ಶೇಕಡಾ 88ರಿಂದ 92 ಸಾಕು. 100 ಮುಟ್ಟಿಸಲು ಹೋದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು.

ಹೆಜ್ಜೆ 5: ಅನಯಾನ್ ಗ್ಯಾಪ್ ಲೆಕ್ಕ ಹಾಕಿ, ಪ್ರತಿ ಸಲವೂ

ಅನಯಾನ್ ಗ್ಯಾಪ್ ಎಂದರೆ ಮಾಮೂಲಿಯಾಗಿ ಅಳೆಯದ ಋಣ ಅಯಾನ್‌ಗಳ ಅಂದಾಜು. ರಕ್ತದ ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಎರಡನ್ನೂ ಕಳೆಯಿರಿ. 8ರಿಂದ 12 ಬಂದರೆ ಮಾಮೂಲು. ಜಾಸ್ತಿ ಬಂದರೆ ರಕ್ತಕ್ಕೆ ಹೊಸ ಆಮ್ಲ ಸೇರಿದೆ ಎಂದು ಹುಡುಕಬೇಕು. ಶುಗರ್‌ನವರಲ್ಲಿ ಕೀಟೋನ್, ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಾಂಗಗಳೇ ಸೋಲುವ ಸ್ಥಿತಿ) ಲ್ಯಾಕ್ಟೇಟ್, ಕಿಡ್ನಿ ಸೋತವರಲ್ಲಿ ಹೊರಹೋಗದೆ ಉಳಿದ ಆಮ್ಲ, ಕಳ್ಳಭಟ್ಟಿಯಲ್ಲಿ ಬೆರೆತ ಮೆಥನಾಲ್ ಹೀಗೆ. ಭೇದಿಯಲ್ಲಿ ಬೈಕಾರ್ಬನೇಟ್ ಕರುಳಿನಿಂದ ಸೋರಿಹೋಗುತ್ತದೆ, ಆ ಜಾಗಕ್ಕೆ ಕ್ಲೋರೈಡ್ ಬರುತ್ತದೆ. ಹಾಗಾಗಿ ಅಸಿಡೋಸಿಸ್ ಇದ್ದರೂ ಗ್ಯಾಪ್ ಸಾಮಾನ್ಯವಾಗಿ ಮಾಮೂಲಾಗೇ ಇರುತ್ತದೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇರುವವರಲ್ಲಿ ಗ್ಯಾಪ್ ಸುಳ್ಳಾಗಿ ಚಿಕ್ಕದು ಕಾಣುತ್ತದೆ. ಅಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂಗಿಂತ ಪ್ರತಿ 1 ಗ್ರಾಂ ಇಳಿದಿದ್ದಕ್ಕೆ ಗ್ಯಾಪ್‌ಗೆ ಎರಡೂವರೆ ಸೇರಿಸಿಕೊಳ್ಳಿ.

‘ಪ್ರತಿ ಸಲವೂ’ ಎಂದು ಸುಮ್ನೆ ಹೇಳಲಿಲ್ಲ. ಈ ರಿಪೋರ್ಟ್ ನೋಡಿ. ಪಿಎಚ್ 7.40, ಕಾರ್ಬನ್ ಡೈಆಕ್ಸೈಡ್ 40, ಬೈಕಾರ್ಬನೇಟ್ 24. ಮೂರೂ ಸರಿಯಾಗೇ ಇವೆ, ಚೀಟಿ ಮಡಚಿಟ್ಟು ಮುಂದಿನ ಬೆಡ್‌ಗೆ ಹೋಗಬಹುದು ಅನ್ನಿಸುತ್ತದೆ. ಆದರೆ ಸೋಡಿಯಂ 140, ಕ್ಲೋರೈಡ್ 90. 140ರಿಂದ 114 ಕಳೆದರೆ ಗ್ಯಾಪ್ 26. ಇದು ಕಿಡ್ನಿ ಕೆಟ್ಟ ರೋಗಿಯ ರಿಪೋರ್ಟ್ ಇರಬಹುದು, ಎರಡು ದಿನದಿಂದ ವಾಂತಿಯೂ ಆಗುತ್ತಿರಬಹುದು. ಕಿಡ್ನಿ ಹಿಡಿದಿಟ್ಟ ಆಮ್ಲ ಬೈಕಾರ್ಬನೇಟನ್ನು ಕೆಳಗೆ ಎಳೆದಿದೆ, ವಾಂತಿ ಅಷ್ಟೇ ಮೇಲೆ ಎತ್ತಿದೆ. ಇದು ಕಾಂಪೆನ್ಸೇಷನ್ ಅಲ್ಲ. ಎರಡು ಕಾಯಿಲೆ ಒಟ್ಟಿಗೆ ಸೇರಿ ಒಂದನ್ನೊಂದು ಮರೆಮಾಡಿವೆ. ಇಂಥ ಚೀಟಿ ಕೈಗೆ ಬಂದರೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಪರೀಕ್ಷೆ), ಲ್ಯಾಕ್ಟೇಟ್, ಕೀಟೋನ್ ಮೂರನ್ನೂ ಕೇಳಿ. ವಾಂತಿ ಯಾವಾಗ ಶುರುವಾಯಿತು, ಎಷ್ಟು ಸಲ ಆಯಿತು ಎಂದು ರೋಗಿಯ ಪಕ್ಕದಲ್ಲಿ ಕೂತವರನ್ನು ವಿಚಾರಿಸಿ, ಕೇಸ್ ಶೀಟಿನಲ್ಲಿ ಬರೆಯಿರಿ.