ಲಿಂಕನ್ ಮೇಲೇರಿದ ದಾರಿಯನ್ನು ಓದುವ ಬಗೆ

ಅಬ್ರಹಾಂ ಲಿಂಕನ್ ಕುರಿತು ಪ್ರಬಂಧ ಬರೆಯಲು ಕುಳಿತವರು ಸಾಮಾನ್ಯವಾಗಿ ಮರದ ಗುಡಿಸಲಿನಿಂದ ಹೊರಟು ಒಂದೇ ನೆಗೆತಕ್ಕೆ ಅಧ್ಯಕ್ಷ ಪದವಿಯನ್ನು ತಲುಪಿಬಿಡುತ್ತಾರೆ. ಅವರ ರಾಜಕೀಯ ಏಳಿಗೆಯನ್ನು ನಿಜವಾಗಿ ಅರಿಯಬೇಕೆನ್ನುವವರು 1854ರಿಂದ 1860ರವರೆಗಿನ ಆರು ವರ್ಷಗಳನ್ನು ನಿಧಾನವಾಗಿ ಓದಬೇಕು.

ಮೊದಲು ಅಮೆರಿಕದ ಭೂಪಟವನ್ನು ಎದುರಿಗಿಟ್ಟುಕೊಂಡು 36 ಡಿಗ್ರಿ 30 ನಿಮಿಷದ ಉತ್ತರ ಅಕ್ಷಾಂಶವನ್ನು ಗುರುತಿಸಿ. 1820ರ ಮಿಸೌರಿ ಒಪ್ಪಂದದಂತೆ, ಮಿಸೌರಿ ರಾಜ್ಯವೊಂದನ್ನು ಬಿಟ್ಟು, ಫ್ರಾನ್ಸಿನಿಂದ ಅಮೆರಿಕ ಕೊಂಡಿದ್ದ ಲೂಸಿಯಾನ ಖರೀದಿಯ ಪ್ರದೇಶದಲ್ಲಿ ಈ ಗೆರೆಯ ಉತ್ತರಕ್ಕೆ ಗುಲಾಮಗಿರಿಗೆ ಅವಕಾಶವಿರಲಿಲ್ಲ. ಇಲಿನಾಯ್ ರಾಜ್ಯದ ಸೆನೆಟರ್ ಸ್ಟೀಫನ್ ಡಗ್ಲಸ್ 1854ರಲ್ಲಿ ತಂದ ಕನ್ಸಾಸ್–ನೆಬ್ರಾಸ್ಕ ಕಾಯ್ದೆಯು ಆ ಕಟ್ಟನ್ನು ಕಿತ್ತುಹಾಕಿದ್ದರಿಂದಲೇ ವಕೀಲಿ ವೃತ್ತಿಯಲ್ಲಿ ಮುಳುಗಿದ್ದ ಲಿಂಕನ್ ರಾಜಕೀಯಕ್ಕೆ ಮರಳಿದರು. ಅದೇ ವರ್ಷ ಅಕ್ಟೋಬರ್ 16ರಂದು ಪಿಯೋರಿಯಾದಲ್ಲಿ ಅವರು ಮಾಡಿದ ಭಾಷಣವನ್ನು ಓದುವಾಗ ಒಂದು ಎಚ್ಚರ ಬೇಕು: ಗುಲಾಮಗಿರಿ ಹೊಸ ನೆಲಕ್ಕೆ ಹಬ್ಬದಂತೆ ತಡೆಯುವುದೇ ಬೇರೆ, ಇರುವ ಕಡೆಯಿಂದ ಅದನ್ನು ಕಿತ್ತೊಗೆಯುವುದೇ ಬೇರೆ. ಲಿಂಕನ್ ಆಗ ಕೇಳಿದ್ದು ಮೊದಲನೆಯದನ್ನು.

ಮುಂದೆ ಒಂದು ಹಾಳೆಯ ಮೇಲೆ ಇಲಿನಾಯ್‌ನ ಸೆನೆಟರ್ ಸ್ಥಾನಕ್ಕೆ 1855ರ ಫೆಬ್ರವರಿ 8ರಂದು ನಡೆದ ಮತದಾನದ ಲೆಕ್ಕವನ್ನು ಬರೆದುಕೊಳ್ಳಿ. ನಮ್ಮಲ್ಲಿ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವಂತೆ ಆಗ ಅಲ್ಲಿ ಸೆನೆಟರನ್ನು ರಾಜ್ಯದ ಶಾಸನಸಭೆಯೇ ಆರಿಸುತ್ತಿತ್ತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವರು ಲಿಂಕನ್. ಇನ್ನೊಬ್ಬ ಅಭ್ಯರ್ಥಿ ಲೈಮನ್ ಟ್ರಂಬುಲ್ ಅವರಿಗೆ ಬಿದ್ದದ್ದು ಬರೀ 5 ಮತ. ಆದರೆ ಆ ಐವರು ನೆಬ್ರಾಸ್ಕ ಕಾಯ್ದೆಯನ್ನು ವಿರೋಧಿಸುತ್ತಿದ್ದ ಡೆಮಾಕ್ರಾಟರು. ಲಿಂಕನ್ ಆಗ ಇದ್ದ ವಿಗ್ ಪಕ್ಷದವರಿಗೆ ಮತ ಕೊಡಲು ಅವರು ಸುತರಾಂ ಒಪ್ಪಲಿಲ್ಲ. ಹಟ ಮುಂದುವರಿದರೆ ಎದುರಾಳಿಯಾದ ರಾಜ್ಯಪಾಲ, ಡೆಮಾಕ್ರಾಟ್ ಮ್ಯಾಟಸನ್ ಗೆಲ್ಲುವುದು ಖಚಿತವೆಂದು ಕಂಡಾಗ, ಲಿಂಕನ್ ತಮ್ಮ ಕಡೆ ಉಳಿದವರನ್ನೂ ಟ್ರಂಬುಲ್ ಅವರತ್ತ ಕಳಿಸಿದರು. ಹತ್ತನೇ ಸುತ್ತಿನಲ್ಲಿ ಟ್ರಂಬುಲ್ 51 ಮತ ಪಡೆದು ಗೆದ್ದರು. ಆ ಐವರಲ್ಲಿ ಒಬ್ಬರಾದ ನಾರ್ಮನ್ ಜಡ್ ಎಂಬವರ ಹೆಸರಿನ ಕೆಳಗೆ ಗೆರೆ ಎಳೆದಿಡಿ.

1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಲಿಂಕನ್ ಡಗ್ಲಸ್ ವಿರುದ್ಧ ಸ್ಪರ್ಧಿಸಿದಾಗ ಇಬ್ಬರ ನಡುವೆ ನಡೆದ ಏಳು ಚರ್ಚೆಗಳನ್ನು ಪೂರ್ತಿ ಓದಲು ಬಿಡುವಿಲ್ಲದವರು ಫ್ರೀಪೋರ್ಟ್ ಮತ್ತು ಚಾರ್ಲ್ಸ್ಟನ್ ಚರ್ಚೆಗಳನ್ನಾದರೂ ಓದಬೇಕು. ಕರಿಯರಿಗೂ ಬಿಳಿಯರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರುವುದಕ್ಕೆ ತಾವು ಒಲವುಳ್ಳವರಲ್ಲ ಎಂದು ಲಿಂಕನ್ ಚಾರ್ಲ್ಸ್ಟನ್‌ನಲ್ಲಿ ಹೇಳಿದ ಮಾತನ್ನು ಅಭಿಮಾನಿಗಳು ಹಾರಿಸಿಬಿಡುತ್ತಾರೆ, ನೀವು ಹಾರಿಸಬೇಡಿ. ಶಾಸನಸಭೆಯಲ್ಲಿ 54ಕ್ಕೆ 46ರಂತೆ ಅವರು ಮತ್ತೆ ಸೋತರೂ ಪತ್ರಿಕೆಗಳಲ್ಲಿ ಅಚ್ಚಾದ ಆ ಚರ್ಚೆಗಳು ಅವರ ಹೆಸರನ್ನು ದೇಶದುದ್ದಕ್ಕೂ ಒಯ್ದವು.

ಕೊನೆಗೆ, ಲಿಂಕನ್ ಆ ಹೊತ್ತಿಗೆ ಸೇರಿದ್ದ ರಿಪಬ್ಲಿಕನ್ ಪಕ್ಷವು ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಆರಿಸಲು ನಡೆಸಿದ 1860ರ ಮೇ ತಿಂಗಳ ಶಿಕಾಗೋ ಸಮಾವೇಶಕ್ಕೆ ಬನ್ನಿ. ಅಲ್ಲಿ ಲಿಂಕನ್ ಹೆಸರನ್ನು ಸೂಚಿಸಿದವರು ಅದೇ ನಾರ್ಮನ್ ಜಡ್. ಮೊದಲ ಸುತ್ತಿನಲ್ಲಿ ನ್ಯೂಯಾರ್ಕಿನ ಸೆನೆಟರ್ ಸೀವರ್ಡ್ ಅವರಿಗೆ 173½, ಲಿಂಕನ್‌ಗೆ 102 ಮತ. ಗೆಲುವಿಗೆ 233 ಬೇಕಿತ್ತು. ಮೂರನೇ ಸುತ್ತಿನಲ್ಲಿ ಲಿಂಕನ್ 231½ಕ್ಕೆ ಬಂದು ನಿಂತಾಗ ಓಹಾಯೋದ ಪ್ರತಿನಿಧಿಗಳು ತಮ್ಮ 4 ಮತಗಳನ್ನು ಬದಲಿಸಿ ಅವರಿಗೆ ಕೊಟ್ಟರು. ಈ ಲೆಕ್ಕವನ್ನು 1855ರ ಲೆಕ್ಕವಿರುವ ಹಾಳೆಯಲ್ಲೇ, ಅದರ ಪಕ್ಕಕ್ಕೆ ಬರೆದಿಡಿ.