ಅಮೆರಿಕದ ಪಕ್ಷ ಸಮಾವೇಶಗಳ ವಿಡಿಯೊ ನೋಡುವಾಗ ಏನನ್ನು ಗಮನಿಸಬೇಕು?

ಅಧ್ಯಕ್ಷ ಚುನಾವಣೆಗೆ ಮುಂಚೆ ಪಕ್ಷದವರು ರಾಜ್ಯಗಳ ಪ್ರತಿನಿಧಿಗಳನ್ನು (ಡೆಲಿಗೇಟ್) ಸೇರಿಸಿ ತಮ್ಮ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಸಭೆ ಇದು. ನಾಲ್ಕು ದಿನದ ಭಾಷಣ ಪೂರ್ತಿ ನೋಡಬೇಡಿ, ನಿದ್ದೆ ಬರುತ್ತದೆ. ಮೊದಲು ವರ್ಷ ನೋಡಿ. 1952ರವರೆಗಿನದಾದರೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರು ಅನ್ನೋದು ಆ ಸಭಾಂಗಣದಲ್ಲೇ ತೀರ್ಮಾನ ಆಗಿರುವ ಸಾಧ್ಯತೆ ಇದೆ. ಈಚಿನದಾದರೆ ಅಡುಗೆ ಮೊದಲೇ ಆಗಿರುತ್ತದೆ, ಇಲ್ಲಿ ಬಡಿಸುವುದಷ್ಟೇ.

ಆಮೇಲೆ, ಎಷ್ಟು ಸುತ್ತು ಮತ ಹಾಕಿದರು ಅಂತ ಹುಡುಕಿ. 1924ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದವರು 103 ಸುತ್ತು ಹಾಕಿದರು! ಅಲ್ ಸ್ಮಿತ್ ಬೇಕು ಅಂತ ಒಂದು ಗುಂಪು, ಮ್ಯಾಕಡೂ ಬೇಕು ಅಂತ ಇನ್ನೊಂದು. ಇಬ್ಬರೂ ಸೋತು ಸುಣ್ಣವಾದ ಮೇಲೆ ಜಾನ್ ಡೇವಿಸ್‌ಗೆ ಟಿಕೆಟ್ ಸಿಕ್ಕಿತು, ಚುನಾವಣೆಯಲ್ಲಿ ಅವರೂ ಸೋತರು. ಇಷ್ಟು ಎಳೆದಾಡಿದ್ದು ಹಟಕ್ಕೆ ಮಾತ್ರ ಅಲ್ಲ. ಆಗ ಆ ಪಕ್ಷದಲ್ಲಿ ಗೆಲ್ಲೋಕೆ ಮೂರನೇ ಎರಡರಷ್ಟು ಮತ ಬೇಕಿತ್ತು, 1936ರಲ್ಲಿ ಆ ನಿಯಮ ತೆಗೆದುಹಾಕಿದರು. ಅಧ್ಯಕ್ಷ ಅಭ್ಯರ್ಥಿಗಾಗಿ ಒಂದಕ್ಕಿಂತ ಜಾಸ್ತಿ ಸುತ್ತು ನಡೆದದ್ದು 1952ರಲ್ಲೇ ಕೊನೆ, ಅಡ್ಲೈ ಸ್ಟೀವನ್‌ಸನ್ ಮೂರನೇ ಸುತ್ತಿನಲ್ಲಿ ಗೆದ್ದರು.

ಮೂರನೆಯದಾಗಿ, ಅಭ್ಯರ್ಥಿ ಅಲ್ಲಿದ್ದಾರಾ ನೋಡಿ. ಹಿಂದೆಲ್ಲ ಅಭ್ಯರ್ಥಿ ಸಮಾವೇಶಕ್ಕೆ ಬಂದು ಟಿಕೆಟ್ ಒಪ್ಪಿಕೊಳ್ಳುವ ರೂಢಿಯೇ ಇರಲಿಲ್ಲ. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ವಿಮಾನ ಹತ್ತಿ ಷಿಕಾಗೊಗೆ ಬಂದು ಆ ಪದ್ಧತಿ ಮುರಿದರು.

1968 ಸಿಕ್ಕರೆ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ (ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯದ ಮತದಾರರೇ ಹೇಳುವ ಚುನಾವಣೆ) ನಿಲ್ಲದೆ ಷಿಕಾಗೊದಲ್ಲಿ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಹೊರಗೆ ವಿಯೆಟ್ನಾಂ ಯುದ್ಧ ವಿರೋಧಿಸಿದವರ ಮೇಲೆ ಪೊಲೀಸರ ಲಾಠಿ ಬೀಳುತ್ತಿತ್ತು, ಟಿವಿಯಲ್ಲಿ ದೇಶವೇ ನೋಡುತ್ತಿತ್ತು. ಇದಾದ ಮೇಲೆ ಬಂದದ್ದೇ ಆ ಪಕ್ಷದ ಮೆಕ್‌ಗವರ್ನ್–ಫ್ರೇಸರ್ ಆಯೋಗ. ಡೆಲಿಗೇಟ್‌ಗಳನ್ನು ಮುಖಂಡರು ಕೋಣೆಯೊಳಗೆ ಕೂತು ಆರಿಸೋದು ಬೇಡ, ಎಲ್ಲರಿಗೂ ಬಾಗಿಲು ತೆರೆದಿರಬೇಕು ಅಂದಿತು. ರಾಜ್ಯಗಳು ಒಂದೊಂದಾಗಿ ಪ್ರೈಮರಿ ಕಡೆ ತಿರುಗಿದವು, ರಿಪಬ್ಲಿಕನ್ ಪಕ್ಷವೂ ಅದೇ ದಾರಿ ಹಿಡಿಯಿತು. ಸಮಾವೇಶದ ಕೈಯಿಂದ ಆಯ್ಕೆ ಜಾರಿದ್ದು ಹೀಗೆ.

ಹಾಗಂತ ಆಮೇಲಿನದ್ದೆಲ್ಲ ಸಪ್ಪೆ ಅಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ. ನನ್ನ ಪ್ರಕಾರ ಮುಖ್ಯ ಭಾಷಣಕ್ಕಿಂತ ನಿಯಮಗಳ ಮೇಲಿನ ಮತದಾನವನ್ನೇ ನೋಡಬೇಕು. 1976ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ರಿಪಬ್ಲಿಕನ್ ಟಿಕೆಟ್‌ಗಾಗಿ ಅಧ್ಯಕ್ಷ ಫೋರ್ಡ್ ಎದುರು ರೇಗನ್. ಉಪಾಧ್ಯಕ್ಷ ಸ್ಥಾನಕ್ಕೆ ಯಾರು ಅಂತ ರೇಗನ್ ಮೊದಲೇ ಹೇಳಿಬಿಟ್ಟಿದ್ದರು, ಫೋರ್ಡ್ ಕೂಡ ಮೊದಲೇ ಹೇಳಲೇಬೇಕು ಅನ್ನೋ ನಿಯಮ ತರಲು ರೇಗನ್ ಕಡೆಯವರು ಹೊರಟರು, ಯಾರ ಹೆಸರು ಹೇಳಿದರೂ ಒಂದಷ್ಟು ಜನ ಮುನಿಸಿಕೊಳ್ಳುತ್ತಾರಲ್ವಾ, ಅದೇ ಲೆಕ್ಕಾಚಾರ. ಆ ಮತದಾನದಲ್ಲಿ ಸೋತರು. ಮರುದಿನ ರಾತ್ರಿ ಫೋರ್ಡ್‌ಗೆ 1187, ರೇಗನ್‌ಗೆ 1070. 1980ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಅಧ್ಯಕ್ಷ ಕಾರ್ಟರ್ ಎದುರು ನಿಂತಿದ್ದ ಎಡ್ವರ್ಡ್ ಕೆನಡಿಯವರದ್ದೂ ಇದೇ ಕಥೆ: ಡೆಲಿಗೇಟ್‌ಗಳು ಪ್ರೈಮರಿ ಫಲಿತಾಂಶ ಬಿಟ್ಟು ಇಷ್ಟ ಬಂದವರಿಗೆ ಮತ ಹಾಕಲಿ ಎಂಬ ಪ್ರಯತ್ನ ಬಿದ್ದುಹೋಯಿತು, ಅವತ್ತೇ ಕಣದಿಂದ ಹಿಂದೆ ಸರಿದರು.

ಗಡಿಯಾರದ ಮೇಲೂ ಒಂದು ಕಣ್ಣಿರಲಿ. 1972ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೆಕ್‌ಗವರ್ನ್ ಭಾಷಣ ಶುರುಮಾಡುವಾಗ ಬೆಳಗಿನ ಜಾವ ಸುಮಾರು ಮೂರು ಗಂಟೆ, ದೇಶ ಮಲಗಿತ್ತು. ಆಮೇಲಿನವರು ಆ ತಪ್ಪು ಮಾಡಲಿಲ್ಲ, ಎಲ್ಲ ಟಿವಿ ಸಮಯಕ್ಕೆ ಸರಿಯಾಗಿ. 1996ರಲ್ಲಂತೂ ಎಬಿಸಿ ಚಾನೆಲ್‌ನ ಸುದ್ದಿ ನಿರೂಪಕ ಟೆಡ್ ಕಾಪಲ್ ಇಲ್ಲಿ ಸುದ್ದಿಯೇ ಇಲ್ಲ ಅಂತ ರಿಪಬ್ಲಿಕನ್ ಸಮಾವೇಶದ ಅರ್ಧದಲ್ಲೇ ಎದ್ದು ಹೊರಟರು.

ಹೊಸದರಲ್ಲಿ 2024ರ ಡೆಮಾಕ್ರಟಿಕ್ ಸಮಾವೇಶ ನೋಡುವವರು ಒಂದು ವಿಷಯ ನೆನಪಿಡಿ. ಅಲ್ಲಿ ಸಂಗೀತದ ಜೊತೆ ನಡೆದ ರೋಲ್ ಕಾಲ್ (ಒಂದೊಂದೇ ರಾಜ್ಯದ ಹೆಸರು ಕರೆದು ಮತ ಹೇಳಿಸುವುದು) ಸುಮ್ನೆ ಸಂಭ್ರಮಕ್ಕೆ. ಬೈಡನ್ ಜುಲೈ 21ರಂದು ಹಿಂದೆ ಸರಿದ ಮೇಲೆ ನಿಜವಾದ ಮತದಾನ ಆಗಸ್ಟ್ ಮೊದಲ ವಾರದಲ್ಲೇ ಆನ್‌ಲೈನ್‌ನಲ್ಲಿ ಮುಗಿದು, ಕಮಲಾ ಹ್ಯಾರಿಸ್ ಅಭ್ಯರ್ಥಿ ಆಗಿದ್ದರು. ಅದಕ್ಕಿಂತ 2020ರ ಕೊರೋನಾ ಕಾಲದ ರೋಲ್ ಕಾಲ್ ನೋಡಿ. ಸಭಾಂಗಣವೇ ಇಲ್ಲ, ಒಂದೊಂದು ರಾಜ್ಯವೂ ತನ್ನ ಊರಿನಿಂದಲೇ ಮತ ಹೇಳುತ್ತದೆ. ರೋಡ್ ಐಲೆಂಡ್ ಸರದಿ ಬಂದಾಗ ಕಡಲ ದಂಡೆ, ಪಕ್ಕದಲ್ಲಿ ಕಪ್ಪು ಬಟ್ಟೆಯ ಬಾಣಸಿಗ, ಕೈಯಲ್ಲಿ ತಟ್ಟೆ ತುಂಬ ಕರಿದ ಕಲಮಾರಿ, ಅಂದರೆ ಸ್ಕ್ವಿಡ್ ಎಂಬ ಕಡಲಜೀವಿಯ ತಿನಿಸು.