ಊರಿನ ಕ್ರೈಸ್ತ ಸಭೆಗಳೆಲ್ಲ ಸೇರಿ ಐಕ್ಯತಾ ಆರಾಧನೆ ನಡೆಸುವುದು ಹೇಗೆ

ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ. 1908ರಲ್ಲಿ ಶುರುವಾದ ಈ ಆಚರಣೆ ಸಂತ ಪೌಲರ ಮನಪರಿವರ್ತನೆಯ ಹಬ್ಬದಂದು ಮುಗಿಯುತ್ತದೆ. ಇದರ ಪ್ರಾರ್ಥನಾ ಸಾಮಗ್ರಿಯನ್ನು ವ್ಯಾಟಿಕನ್ ಮತ್ತು ಜಾಗತಿಕ ಸಭೆಗಳ ಒಕ್ಕೂಟ ಜೊತೆಯಾಗಿ ಹೊರತರುತ್ತವೆ. 2013ರದನ್ನು ಸಿದ್ಧಪಡಿಸಿದ್ದು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ. ಈ ವಾರದ ನಿಮ್ಮ ಆರಾಧನೆಗೆ ಆಯಾ ವರ್ಷದ ಸಾಮಗ್ರಿಯನ್ನೇ ಆಧಾರವಾಗಿಟ್ಟುಕೊಳ್ಳಿ. ಹೊಸದಾಗಿ ಆರಾಧನಾ ಕ್ರಮ ಬರೆಯಲು ಹೊರಟರೆ ಅದು ಬರೆದವರ ಸಭೆಯ ಕ್ರಮವೇ ಆಗಿಬಿಡುತ್ತದೆ.

ನವೆಂಬರ್ ಮೊದಲ ವಾರದಲ್ಲೇ ಕೂತು ಮಾತಾಡಿ. ಕಥೋಲಿಕ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್, ಆರ್ಥೊಡಾಕ್ಸ್, ಪೆಂತೆಕೋಸ್ತ್, ಊರಲ್ಲಿ ಯಾರಿದ್ದಾರೋ ಅವರೆಲ್ಲರಿಂದ ಇಬ್ಬಿಬ್ಬರು ಬರಲಿ: ಒಬ್ಬರು ಸಭಾಪಾಲಕರು ಅಥವಾ ಗುರುಗಳು, ಇನ್ನೊಬ್ಬರು ವಿಶ್ವಾಸಿ. ಪಾದ್ರಿಗಳು ವರ್ಗವಾಗಿ ಹೋಗುತ್ತಾರೆ, ಊರವರು ಉಳಿಯುತ್ತಾರೆ. ಹಾಗಾಗಿ ಎರಡನೆಯವರೇ ಹೆಚ್ಚು ಮುಖ್ಯ.

ಮೊದಲು ತೀರ್ಮಾನಿಸಬೇಕಾದ್ದು ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ) ಪ್ರಶ್ನೆ. ಕಥೋಲಿಕ ಮತ್ತು ಆರ್ಥೊಡಾಕ್ಸ್ ನಿಯಮಗಳು ಸಾಮಾನ್ಯವಾಗಿ ಇತರ ಸಭೆಯವರೊಂದಿಗೆ ಅದನ್ನು ಹಂಚಿಕೊಳ್ಳಲು ಬಿಡುವುದಿಲ್ಲ. ಆದ್ದರಿಂದ ಪ್ರಭುಭೋಜನವಿಲ್ಲದ, ಬೈಬಲ್ ವಾಚನ ಮತ್ತು ಪ್ರಾರ್ಥನೆಯ ವಾಕ್ಯದ ಆರಾಧನೆಯನ್ನೇ ಇಟ್ಟುಕೊಳ್ಳಿ, ಇದನ್ನು ಹಿಂದಿನ ಭಾನುವಾರ ಎಲ್ಲ ಕಡೆ ತಿಳಿಸಿ. ತಿಳಿಸದಿದ್ದರೆ ಬಲಿಪೀಠದ ಮುಂದೆ ಯಾರೋ ಒಬ್ಬರು ನೊಂದು ಹಿಂದಿರುಗುತ್ತಾರೆ, ಆ ನೋವು ವರ್ಷಗಟ್ಟಲೆ ಆರುವುದಿಲ್ಲ. ಒಂದಾಗಿದ್ದೇವೆ ಎಂದು ನಟಿಸುವುದಕ್ಕಿಂತ, ಇನ್ನೂ ಒಂದಾಗಿಲ್ಲದ ಜಾಗವನ್ನು ಒಪ್ಪಿಕೊಂಡು ಅಲ್ಲೇ ಜೊತೆಯಾಗಿ ಪ್ರಾರ್ಥಿಸುವುದು ಹೆಚ್ಚು ಚೆಂದ ಎಂಬುದು ನಮ್ಮ ದೃಢ ಅಭಿಪ್ರಾಯ.

ಒಟ್ಟು ಅವಧಿ 75 ನಿಮಿಷ ಮೀರದಿರಲಿ. ಪ್ರಸಂಗ (ಉಪದೇಶ) 12 ನಿಮಿಷ, ಅದೂ ಆತಿಥೇಯ ಸಭೆಯವರಿಂದ ಬೇಡ. ಮೂರು ವಾಚನ, ಮೂರು ಸಭೆಯವರಿಂದ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲದ ಗ್ರಂಥಗಳಿಂದ ವಾಚನ ಆರಿಸಬೇಡಿ. 133ನೇ ಕೀರ್ತನೆ, ಯೋಹಾನ 17ನೇ ಅಧ್ಯಾಯ ಯಾರಿಗೂ ಅಡ್ಡಿಯಲ್ಲ.

ಎಡವುವುದು ಬಾಯಿಪಾಠದ ಭಾಗಗಳಲ್ಲಿ. ಕರ್ತನು ಕಲಿಸಿದ ಪ್ರಾರ್ಥನೆಯ ಕನ್ನಡ ಸಭೆಯಿಂದ ಸಭೆಗೆ ಬೇರೆ. "ಕೇಡಿನಿಂದ ತಪ್ಪಿಸು" ಎಂದ ಮೇಲೆ ಪ್ರೊಟೆಸ್ಟೆಂಟರು ನೇರವಾಗಿ ರಾಜ್ಯವೂ ಬಲವೂ ಎಂದು ಮುಂದುವರಿಯುತ್ತಾರೆ, ಕಥೋಲಿಕರು ನಿಲ್ಲುತ್ತಾರೆ. ಅರ್ಧ ಜನ ಮೌನ, ಅರ್ಧ ಜನ ಮಾತು. ಒಂದೇ ಪಾಠವನ್ನು ಅಚ್ಚು ಹಾಕಿ ಕೈಗೆ ಕೊಡಿ. ವಿಶ್ವಾಸಪ್ರಮಾಣ (ನಂಬಿಕೆಯ ಸಾರವನ್ನು ಎಲ್ಲರೂ ಕೂಡಿ ಹೇಳುವ ಪಾಠ) ಬೇಕೆಂದರೆ ನೈಸೀಯ ಪ್ರಮಾಣದ 381ರ ರೂಪ ಇರಲಿ, ಪವಿತ್ರಾತ್ಮ "ಮಗನಿಂದಲೂ" ಹೊರಡುವನೆಂಬ ಮಾತು ಇಲ್ಲದೆ. ಆ ಮಾತನ್ನು ಆರ್ಥೊಡಾಕ್ಸರು ಹೇಳುವುದಿಲ್ಲ. ಪೆಂತೆಕೋಸ್ತ್ ಸಭೆಗಳಲ್ಲಿ ಪ್ರಮಾಣ ಹೇಳುವ ರೂಢಿಯೇ ಕಡಿಮೆ, ಅವರನ್ನು ಒತ್ತಾಯಿಸಬೇಡಿ. ಬದಲಿಗೆ ಐದು ನಿಮಿಷ ಮುಕ್ತ ಪ್ರಾರ್ಥನೆಗೆ ಬಿಡಿ.

ಪ್ರತಿ ಸಭೆಯಿಂದ ನಾಲ್ವರನ್ನು ಸೇರಿಸಿ ಒಂದೇ ಗಾಯನ ತಂಡ ಮಾಡಿ, ಎರಡು ಬಾರಿ ಅಭ್ಯಾಸ ಮಾಡಿಸಿ. ನಿಜವಾದ ಗೆಳೆತನ ಹುಟ್ಟುವುದು ಈ ಅಭ್ಯಾಸದಲ್ಲೇ. ಸಾಲು ಸಾಲು ತಂಡಗಳು ಬಂದು ಹಾಡಿದರೆ ಅದು ಸ್ಪರ್ಧೆಯಾಗುತ್ತದೆ.

ಕಾಣಿಕೆ ಯಾರಿಗೆ ಎಂಬುದನ್ನು ಮೊದಲೇ ಬರೆದಿಡಿ: ಯಾವ ಸಭೆಗೂ ಸೇರದ ಒಂದು ಸ್ಥಳೀಯ ಅಗತ್ಯಕ್ಕೆ ಹೋಗಲಿ. ಆರಾಧನೆ ಮುಗಿದೊಡನೆ ಇಬ್ಬರು ಬೇರೆ ಬೇರೆ ಸಭೆಯವರು ಎಣಿಸಿ ಸಹಿ ಹಾಕಲಿ. ಮುಂದಿನ ಭಾನುವಾರ ಅದೇ ಲೆಕ್ಕವನ್ನು ಎಲ್ಲ ಚರ್ಚುಗಳಲ್ಲೂ ಓದಿ ಹೇಳಿ.